ಪುಟ್ಟಿಯ ಈಜು ನಿಲ್ಲಿಸಬೇಡ, ಅಕ್ಕ

ಸಿಡ್ನಿ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿ ದೊಡ್ಡವಳಾದಳು, ಇನ್ನು ಗಂಡಸರೆದುರು ಈಜುಡುಗೆಯಲ್ಲಿ ಸ್ಪರ್ಧೆಗೆ ಇಳಿಯೋದು ಬೇಡ ಅಂತ ಭಾವ ಹೇಳಿದರು ಎಂದು ಬರೆದಿದ್ದೀಯ. ಓದಿದಾಗಿನಿಂದ ಇಲ್ಲಿನ ಹಳೆಯ ಈಜುಗಾರ್ತಿ ಫ್ಯಾನಿ ಡ್ಯುರಾಕ್ ತಲೆಯಲ್ಲೇ ಕೂತಿದ್ದಾಳೆ. ಇದನ್ನು ಭಾವನಿಗೂ ಓದಿ ಹೇಳು.

ಫ್ಯಾನಿ 1889ರಲ್ಲಿ ಇದೇ ಊರಲ್ಲಿ ಹುಟ್ಟಿದವಳು. ಈಜು ಕಲಿತದ್ದು ಕೂಜಿ ಕಡಲದಂಡೆಯ ಕೊಳದಲ್ಲಿ. ಆಗ ಹೆಂಗಸರಿಗೆ ಚಾಂಪಿಯನ್‌ಶಿಪ್ ಇದ್ದದ್ದು ಕಪ್ಪೆಯಂತೆ ಈಜುವ ಬ್ರೆಸ್ಟ್‌ಸ್ಟ್ರೋಕ್‌ಗೆ ಮಾತ್ರ, ಅದನ್ನೇ ಮೊದಲು ಕಲಿತಳು. ಒಂದಾದ ಮೇಲೊಂದು ಕೈ ಬೀಸಿ ಈಜುವ ಕ್ರಾಲ್ ಆಮೇಲೆ ಬಂತು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೂ ಈಜು ಸ್ಪರ್ಧೆ ಇಟ್ಟರು. ಆದರೆ ಗಂಡಸರು ನೋಡುವಲ್ಲಿ ಹೆಂಗಸರು ಸ್ಪರ್ಧಿಸಬಾರದು ಎಂದು ಇಲ್ಲಿನ ಮಹಿಳಾ ಈಜು ಸಂಘದ್ದೇ ನಿಯಮ! ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್, ಹೆಂಗಸರ ಮತದಾನದ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಅಂಥವರೇ ಇದಕ್ಕೆ ಒಪ್ಪಲಿಲ್ಲ. ಭಾವನ ಆತಂಕವೂ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ ಅಂತ ಅದಕ್ಕೇ ನನಗನಿಸುತ್ತದೆ. ಊರಲ್ಲಿ ಗದ್ದಲವೆದ್ದು ಕೊನೆಗೆ ಸಂಘ ನಿಯಮ ಸಡಿಲಿಸಿತು, ರೋಸ್ ಸ್ಕಾಟ್ ರಾಜೀನಾಮೆ ಕೊಟ್ಟರು. ಹೋಗಬಹುದು, ಆದರೆ ಖರ್ಚು ನಿಮ್ಮದೇ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಜನ ಚಂದಾ ಎತ್ತಿದರು. ಕಾವಲಿಗೆ ಫ್ಯಾನಿಯ ಸೋದರಿ ಜೊತೆಗೆ ಹೊರಟಳು. ಸ್ಪರ್ಧೆಗೆ ಹೊರಟ ಇನ್ನೊಬ್ಬಳು, ಗೆಳತಿ ಮೀನಾ ವೈಲಿಯ ಜೊತೆ ಅವಳ ಅಪ್ಪ.

ಅಲ್ಲಿ ಈಜಿದ್ದು ಸಮುದ್ರದ ಕೊಲ್ಲಿಯಲ್ಲಿ ಕಟ್ಟಿದ ನೂರು ಮೀಟರ್ ಹಾದಿಯಲ್ಲಿ. ಫೈನಲ್‌ಗೆ ಮುಂಚಿನ ಸುತ್ತಿನಲ್ಲೇ (ಹೀಟ್ಸ್) ಫ್ಯಾನಿಯದು 1 ನಿಮಿಷ 19.8 ಸೆಕೆಂಡಿನ ವಿಶ್ವದಾಖಲೆ. ಫೈನಲ್‌ನಲ್ಲಿ ಫ್ಯಾನಿಗೆ ಚಿನ್ನ, ಮೀನಾಗೆ ಬೆಳ್ಳಿ. ಹೋದವರು ಇಬ್ಬರೇ, ಇಬ್ಬರೂ ಗೆದ್ದು ಬಂದರು. ಕಳಿಸದೇ ಇದ್ದಿದ್ದರೆ ಅಂತ ಯೋಚಿಸು!

1920ರ ಒಲಿಂಪಿಕ್ಸ್‌ಗೆ ಹೊರಡುವ ಹೊತ್ತಿಗೆ ಅಪೆಂಡಿಕ್ಸ್ ಆಪರೇಷನ್, ಅದರ ಬೆನ್ನಿಗೇ ಟೈಫಾಯಿಡ್, ನ್ಯುಮೋನಿಯಾ; ಫ್ಯಾನಿಗೆ ಹೋಗಲಾಗಲಿಲ್ಲ. ಮರುವರ್ಷ ಸ್ಪರ್ಧೆ ಬಿಟ್ಟು ಮಕ್ಕಳಿಗೆ ಈಜು ಕಲಿಸತೊಡಗಿದಳು. ತೀರಿಕೊಂಡದ್ದು 1956ರ ಮಾರ್ಚ್‌ನಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳ ಮುಂಚೆ.

ಕೂಜಿಯಲ್ಲಿ ಹೆಂಗಸರು, ಮಕ್ಕಳಿಗಷ್ಟೇ ಪ್ರವೇಶವಿರುವ ಮ್ಯಾಕೈವರ್ಸ್ ಕೊಳ ಈಗಲೂ ಇದೆ. ನಾನು ಈಜುವುದು ಅಲ್ಲೇ, ನನಗದು ಬಹಳ ಇಷ್ಟ. ಆದರೆ ಪುಟ್ಟಿಗೆ ಬೇಕಿರುವುದು ಅಂಥ ಮರೆಯಲ್ಲ, ಅವಳಿಗೆ ಗಡಿಯಾರ ಬೇಕು, ಪಕ್ಕದ ಲೇನಿನಲ್ಲಿ ಅವಳಿಗಿಂತ ವೇಗದವರು ಬೇಕು. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಇದೇ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ್ದಳು, ಅದನ್ನೂ ಭಾವನಿಗೆ ಹೇಳು.

ಮೊಣಕಾಲವರೆಗೆ ಬರುವ ರೇಸಿಂಗ್ ಉಡುಗೆ ಸಿಗುತ್ತದೆ, ಅವಳ ಅಳತೆ ಬರೆದು ಕಳಿಸು. ಮೊದಮೊದಲು ಜೊತೆಗೆ ನೀನೇ ಹೋಗು. ಈ ವರ್ಷದ ಕೋಚಿಂಗ್ ಫೀಸ್ ನನ್ನದು, ಕಟ್ಟಲು ಕೊನೇ ದಿನ ಯಾವುದು ಅಂತ ಬೇಗ ತಿಳಿಸು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ