ಮಗಳಿಗೊಂದು ಪತ್ರ: ಇಂಜಿನ್ ಲೈಟ್ ಬಂತು ಅಂದೆಯಲ್ಲ

ಪುಟ್ಟಿ,

ಹಳದಿ ಇಂಜಿನ್ ಲೈಟ್ ಬಂದಿದೆ, ಗಾಡಿ ನಿಂತಾಗ ಸ್ವಲ್ಪ ನಡುಗುತ್ತದೆ, ಯಾವುದೋ ಸೆನ್ಸರ್ ಹೋಗಿರಬೇಕು, ಹೊಸದು ಹಾಕಿಸಲಾ ಅಂತ ಕೇಳಿದೆ. ಬೇಡ. ಇನ್ನೂ ಏನನ್ನೂ ಬದಲಾಯಿಸಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ತಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದೀಪದ ಬಣ್ಣ ನೋಡು. ಕೆಂಪು ಅಂದರೆ ಗಾಡಿ ನಿಲ್ಲಿಸು ಅಂತಲೇ. ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಲ್ಲ, ಆಯಿಲ್ ಒತ್ತಡ ಇಲ್ಲ ಅಂತ ಹೇಳುವುದು. ಅದು ಹೊತ್ತಿದ ಮೇಲೆ "ಇಲ್ಲೇ ಹತ್ತಿರ ತಾನೆ" ಅಂತ ಓಡಿಸಿದರೆ ಇಂಜಿನ್ನೇ ಹೋಗುತ್ತದೆ. ಬಿಸಿಯ ದೀಪ ಬಂದರೂ ಹಾಗೇ, ಪಕ್ಕಕ್ಕೆ ಹಾಕಿ ಆಫ್ ಮಾಡು, ರೇಡಿಯೇಟರ್ ಮುಚ್ಚಳವನ್ನು ಬಿಸಿಯಿದ್ದಾಗ ಮುಟ್ಟಲೇಬೇಡ.

ನಿನ್ನದು ಹಳದಿ, ಅದೂ ಸುಮ್ನೆ ಉರಿಯುತ್ತಿದೆ, ಮಿಣುಕುತ್ತಿಲ್ಲ ಅಂದೆ. ಒಳ್ಳೆಯದು. ಮಿಣುಕುತ್ತಿದ್ದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅದು ಹಸಿಹಸಿಯಾಗಿ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಅಂತ ಅರ್ಥ. ಒಳಗಿನ ಜಾಲರಿ ಆ ಕಾವಿಗೆ ಕರಗಿಹೋಗಬಹುದು. ಹಾಗಾಗಿ ಯಾವಾಗ ಮಿಣುಕಲು ಶುರುವಾದರೂ ವೇಗ ಇಳಿಸಿ ನಿಲ್ಲಿಸಿಬಿಡು.

ಈಗ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸಾಧನ. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ 16 ಪಿನ್ನಿನ ಒಂದು ಸಾಕೆಟ್ ಕಾಣುತ್ತದೆ, ಅದೇ ಒಬಿಡಿ-2, ಕಾರು ತನ್ನ ತೊಂದರೆಯನ್ನು ತಾನೇ ಹೇಳುವ ವ್ಯವಸ್ಥೆಯ ಸಾಕೆಟ್. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ ಇಂಥ ವ್ಯವಸ್ಥೆ ಕಡ್ಡಾಯವಾಯಿತು. ಹಾಗಾಗಿಯೇ ಬೇರೆ ಬೇರೆ ಕಂಪನಿಯ ಕಾರುಗಳಲ್ಲೂ ಮುಖ್ಯವಾದ ಕೋಡುಗಳು ಒಂದೇ. ಬ್ಲೂಟೂತಿನ ಚಿಕ್ಕ ಅಡಾಪ್ಟರ್ ಚುಚ್ಚಿ ಫೋನಿನಲ್ಲಿ ಓದಿದರೂ ಸಾಕು. ಓದಿದ ತಕ್ಷಣ ಅಳಿಸುವ ಬಟನ್ ಒತ್ತಬೇಡ! ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರುತ್ತದೆ. ತೊಂದರೆ ಕಂಡ ಆ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಗಾಡಿ ಓಡುತ್ತಿತ್ತಾ ನಿಂತಿತ್ತಾ, ಎಲ್ಲ ಅಲ್ಲಿರುತ್ತದೆ. ನನ್ನ ಮಟ್ಟಿಗೆ ಕೋಡಿಗಿಂತ ಅದೇ ಜಾಸ್ತಿ ಹೇಳುತ್ತದೆ. ಅಳಿಸಿದರೆ ಅದೂ ಹೋಯಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಕಂಪ್ಯೂಟರ್ ತನಗೆ ಏನು ಕಾಣಿಸಿತು ಅಂತ ಹೇಳುತ್ತದೆಯೇ ಹೊರತು ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಪಿ0171 ಬಂತು ಅಂದುಕೋ. ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅದರ ಅರ್ಥ. ಇದನ್ನು ಕಂಡುಹಿಡಿದಿದ್ದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್. ಎಷ್ಟೋ ಜನ ಓಡಿಹೋಗಿ ಆ ಸೆನ್ಸರನ್ನೇ ಬದಲಾಯಿಸುತ್ತಾರೆ. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಬದಲಾಯಿಸಿದ ಹಾಗೆ, ಅಲ್ವಾ?

ಅದರ ಬದಲು ಅದೇ ಆಪ್‌ನಲ್ಲಿ ಫ್ಯುಯೆಲ್ ಟ್ರಿಮ್ ತೆಗೆದು ನೋಡು. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಅಂಕಿ ಅದು. ಸೊನ್ನೆಯ ಆಚೆ ಈಚೆ ಸ್ವಲ್ಪ ಓಲಾಡುವುದು ಸಹಜ. ಗಾಡಿ ನ್ಯೂಟ್ರಲ್‌ನಲ್ಲಿ ಸುಮ್ನೆ ನಿಂತಾಗ ಪ್ಲಸ್ 20ರ ಹತ್ತಿರ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 3, 4ಕ್ಕೆ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ. ನಿಂತಾಗ ಇಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತದೆ, ವೇಗ ಏರಿದರೆ ಅದೇ ಸೋರಿಕೆ ಲೆಕ್ಕಕ್ಕಿಲ್ಲ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಉಲ್ಟಾ ಆಗಿ, ನಿಂತಾಗ ಸರಿಯಿದ್ದು ಏರು ಹತ್ತುವಾಗ ಅಂಕಿ ಏರಿದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲವೇನೋ: ಫಿಲ್ಟರ್, ಪಂಪ್, ಇಲ್ಲವೇ ಆ ಗಾಳಿ ಸೆನ್ಸರ್ ಮೇಲೆ ಕೂತ ಕೊಳೆ.

ಸೋರಿಕೆ ಅನ್ನಿಸಿದರೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಇಂಜಿನ್ನಿಗೆ ಗಾಳಿ ಹೋಗುವ ದಾರಿಯ ರಬ್ಬರ್ ಹೋಸುಗಳನ್ನು ಒಂದೊಂದಾಗಿ ಬೆರಳಲ್ಲಿ ಬಗ್ಗಿಸಿ ನೋಡು. ಬಿರುಕು ಸಾಮಾನ್ಯವಾಗಿ ಕೆಳಮಗ್ಗುಲಲ್ಲಿ, ಮಡಿಕೆಯೊಳಗೆ ಇರುತ್ತದೆ, ಮೇಲಿಂದ ಎಲ್ಲ ಚೆನ್ನಾಗೇ ಕಾಣುತ್ತದೆ. ಕೆಲವರು ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ನೀನು ಮಾಡಬೇಡ, ಬೆಂಕಿ ಹತ್ತುತ್ತದೆ.

ನಡುಗುತ್ತದೆ ಅಂದಿದ್ದರಿಂದ ಪಿ0301ರಿಂದ ಪಿ0304ರವರೆಗಿನ ಕೋಡೂ ಬರಬಹುದು. ಕೊನೆಯ ಅಂಕಿ ಸಿಲಿಂಡರ್ ನಂಬರ್. ಪಿ0303 ಅಂದರೆ ಮೂರನೆಯದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅದಕ್ಕೆ ಹೆಸರು ಮಿಸ್‌ಫೈರ್. ಇದನ್ನು ಪತ್ತೆ ಮಾಡುವ ದಾರಿ ನನಗೆ ತುಂಬಾ ಇಷ್ಟ, ಯಾಕೆಂದರೆ ಒಂದು ಪೈಸೆ ಖರ್ಚಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ) ಇರುವ ಇಂಜಿನ್ ಆದರೆ, ತಣ್ಣಗಾದ ಮೇಲೆ ಮೂರನೆಯ ಕಾಯಿಲನ್ನು ಎರಡಕ್ಕೆ, ಎರಡರದನ್ನು ಮೂರಕ್ಕೆ ಹಾಕು. ಕನೆಕ್ಟರಿನ ಲಾಕ್ ಒತ್ತಿ ಹಿಡಿದೇ ಬಿಡಿಸಬೇಕು, ವಯರ್ ಹಿಡಿದು ಎಳೆಯಬಾರದು, ಹಳೇ ಪ್ಲಾಸ್ಟಿಕ್ ಪಟ್ ಅಂತ ಮುರಿಯುತ್ತದೆ. ಆಮೇಲೆ ಕೋಡ್ ಅಳಿಸಿ ಸ್ವಲ್ಪ ಓಡಿಸು. ಪಿ0302 ಬಂತಾ? ಕಾಯಿಲೇ ಕೆಟ್ಟಿದೆ, ಕಣ್ಣುಮುಚ್ಚಿ ಬದಲಾಯಿಸು. ಮೂರರಲ್ಲೇ ಉಳಿಯಿತಾ? ಈಗ ಸ್ಪಾರ್ಕ್ ಪ್ಲಗ್ಗುಗಳನ್ನು ಹಾಗೇ ಅದಲು ಬದಲು ಮಾಡು. ಆಗಲೂ ಅಲ್ಲೇ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರ್ ಒಳಗಿನ ಒತ್ತಡದ (ಕಂಪ್ರೆಷನ್) ವಿಷಯ, ಮೆಕ್ಯಾನಿಕ್ ಹತ್ತಿರ ಹೋಗು. ನೀನು ಏನೇನು ಮಾಡಿ ನೋಡಿದೆ ಅಂತ ಅವರಿಗೆ ಬಿಡಿಸಿ ಹೇಳು, ಕೆಲಸ ಹಗುರಾಗುತ್ತದೆ.

ಪಿ0455, ಅಂದರೆ ಪೆಟ್ರೋಲ್ ಆವಿ ಸೋರುತ್ತಿದೆ ಅನ್ನುವ ಕೋಡ್ ಬಂದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯಾ, ಅದರ ರಬ್ಬರ್ ಸೀಳಿದೆಯಾ ನೋಡು, ಎಷ್ಟೋ ಸಲ ಅಷ್ಟೇ ಇರುತ್ತದೆ. ಪಿ0420, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್ ಬಂದರೆ ಮಾತ್ರ ಗಾಬರಿಯಾಗಿ ಕನ್ವರ್ಟರ್ ಬದಲಾಯಿಸಲು ಒಪ್ಪಬೇಡ. ಅದು ದುಬಾರಿ ಪಾರ್ಟ್. ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದ್ದರೂ ಆ ಕೋಡ್ ಬರಬಹುದು, ಮಿಸ್‌ಫೈರ್ ಇದ್ದರಂತೂ ಮೊದಲು ಅದು ಸರಿಯಾಗಬೇಕು.

ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ಕೋಡ್ ಒಟ್ಟಿಗೆ ಬಂದಿದ್ದರೆ ಅವುಗಳ ಹಿಂದೆ ಓಡಬೇಡ. ಮೊದಲು ಬ್ಯಾಟರಿ ನೋಡು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ, ಇಂಜಿನ್ ಓಡುವಾಗ ಸುಮಾರು 14 ಇರಬೇಕು. ಟರ್ಮಿನಲ್ ಸಡಿಲವಾಗಿದ್ದರೂ ಕಂಪ್ಯೂಟರ್ ಏನೇನೋ ಹೇಳುತ್ತದೆ.

ಏರ್‌ಬ್ಯಾಗ್ ದೀಪ ಬಂದರೆ ನೀನು ಕೈಯೇ ಹಾಕಬೇಡ, ಅದು ತಿಳಿದವರ ಕೆಲಸ.

ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕೋಡ್ ಓದಿ ಫೋಟೋ ಕಳಿಸು, ಫ್ರೀಜ್ ಫ್ರೇಮ್ ಪೂರ್ತಿ ಕಾಣಬೇಕು. ಮಿಸ್‌ಫೈರ್ ಆಗಿದ್ದರೆ ಕಾಯಿಲ್ ಬಿಚ್ಚುವ ಮುಂಚೆ ವಿಡಿಯೋ ಕಾಲ್ ಮಾಡು, ಕನೆಕ್ಟರ್ ಬಿಡಿಸುವುದನ್ನು ನೋಡಿಕೊಂಡು ಹೇಳುತ್ತೇನೆ.

ಅಮ್ಮ