ಲೂವೆನ್‌ನಿಂದ ಅಪ್ಪನಿಗೆ, ಮನೆಯ ವೈಫೈ ಬಗ್ಗೆ

ಲೂವೆನ್, ಬೆಲ್ಜಿಯಂ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಆರೋಗ್ಯ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು.

ರಾತ್ರಿ ನೆಟ್ ತುಂಬಾ ನಿಧಾನ, ತಿಂಗಳು ಮುಗಿಯುವ ಮೊದಲೇ ಡೇಟಾ ಖಾಲಿ ಅಂದಿರಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ಮನೆಯಲ್ಲಿ ಇರುವವರು ನೀವಿಬ್ಬರೇ. ಬೇರೆ ಯಾರೋ ನಮ್ಮ ವೈಫೈ ಬಳಸುತ್ತಿದ್ದಾರೆ ಅಂತ ನನಗೆ ಅನುಮಾನ. ವೈಫೈ ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರ್. ಆ ನಂಬರ್ ಹಾಲಿನವರಿಂದ ಹಿಡಿದು ಮಹಡಿಯ ಬಾಡಿಗೆ ಹುಡುಗರವರೆಗೆ ಎಲ್ಲರ ಹತ್ತಿರವೂ ಇದೆ. ಗೊತ್ತಿಲ್ಲದವನಿಗೂ ಕಷ್ಟವಿಲ್ಲ. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದಲೇ ಶುರುವಾಗುತ್ತವೆ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಹಾಕಿ ನೋಡಿಬಿಡುತ್ತದೆ.

"ಬಳಸಿದರೆ ಬಳಸಲಿ ಬಿಡು, ಪಾಪ ಓದೋ ಹುಡುಗರು" ಅಂದಿರಿ. ನಿಮ್ಮ ಮನಸ್ಸು ನನಗೆ ಗೊತ್ತು. ಆದರೆ 2008ರ ಜುಲೈ ನೆನಪಿದೆಯಾ? ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆಯ ಇ-ಮೇಲ್ ಅನ್ನು ಹೊರಗಿನವರು ಕಳಿಸಿದ್ದು ನವಿ ಮುಂಬೈನ ಒಂದು ಮನೆಯ ವೈಫೈನಿಂದ. ಪೊಲೀಸರು ಮೊದಲು ಹೋಗಿದ್ದು ಆ ಮನೆಗೇ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೇಳುತ್ತಾರೆ, ಅಲ್ವಾ?

ಹಾಗಾಗಿ ಪಾಸ್‌ವರ್ಡ್ ಬದಲಿಸೋಣ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದರೆ ಸಾಕು. ಮನೆದೇವರ ಹೆಸರು, ಹುಟ್ಟಿದ ವರ್ಷ ಬೇಡ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದು ಪಾಸ್‌ವರ್ಡ್‌ದು, ರೂಟರ್‌ನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಬಾಗಿಲ ಬೀಗ ಆದರೆ ಇದು ಬೀರುವಿನ ಕೀಲಿ. ಬ್ರೌಸರ್‌ನಲ್ಲಿ 192.168.1.1 ಅಂತ ಒತ್ತಿದರೆ ಎಷ್ಟೋ ರೂಟರ್‌ಗಳ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಅಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಅಂತ ಹಾಗೇ ಬಿಟ್ಟಿರುವ ಮನೆಗಳು ಬೇಕಾದಷ್ಟಿವೆ. ನಿಮ್ಮ ವೈಫೈಗೆ ಸೇರಿದವನು ಇಲ್ಲಿಗೂ ನುಗ್ಗಿದರೆ ಡಿಎನ್‌ಎಸ್ ಬದಲಿಸಬಹುದು. ನಾವು ಬರೆದ ತಾಣದ ಹೆಸರಿಗೆ ಯಾವ ಕಂಪ್ಯೂಟರ್‌ಗೆ ಹೋಗಬೇಕು ಅಂತ ದಾರಿ ತೋರಿಸುವ ವ್ಯವಸ್ಥೆ ಅದು. ಆಮೇಲೆ ನೀವು ಬ್ಯಾಂಕಿನ ವಿಳಾಸ ಸರಿಯಾಗಿಯೇ ಬರೆದರೂ ನಕಲಿ ಪುಟಕ್ಕೆ ಹೋಗುವ ಅಪಾಯವಿದೆ. ಬ್ರೌಸರ್ "ಈ ತಾಣ ಸುರಕ್ಷಿತವಲ್ಲ" ಅಂತ ಎಚ್ಚರಿಸಿದರೆ ದಯವಿಟ್ಟು ಮುಂದೆ ಹೋಗಬೇಡಿ.

ಯಾರು ಯಾರು ಸೇರಿಕೊಂಡಿದ್ದಾರೆ ಅನ್ನುವ ಪಟ್ಟಿಯೂ ಅದೇ ಪುಟದಲ್ಲಿ ಸಿಗುತ್ತದೆ. ನಿಮ್ಮಿಬ್ಬರ ಫೋನು, ಟಿವಿ, ಲ್ಯಾಪ್‌ಟಾಪ್ ಬಿಟ್ಟು ಬೇರೇನಾದರೂ ಕಂಡರೆ ನನ್ನ ಅನುಮಾನ ನಿಜ. ಡಬ್ಲ್ಯೂಪಿಎಸ್ ಅನ್ನೋದನ್ನು, ಅಂದರೆ ಪಾಸ್‌ವರ್ಡ್ ಬರೆಯದೆಯೇ ಪಿನ್ ಅಥವಾ ಗುಂಡಿಯಿಂದ ವೈಫೈಗೆ ಸೇರಿಸುವ ಸೌಲಭ್ಯವನ್ನು, ಆಫ್ ಮಾಡಬೇಕು. ಅದರ ಎಂಟಂಕಿಯ ಪಿನ್ ಅನ್ನು ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಹಿಡಿಯಬಹುದು ಅಂತ 2011ರಲ್ಲೇ ಗೊತ್ತಾಗಿದೆ. ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಇಟ್ಟರಾಯಿತು.

ರೂಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. 2017ರ ಅಕ್ಟೋಬರ್‌ನಲ್ಲಿ ಇದೇ ಊರಿನ ವಿಶ್ವವಿದ್ಯಾಲಯದ ಮ್ಯಾಥಿ ವನ್‌ಹೂಫ್ ಎಂಬ ಸಂಶೋಧಕರು ವೈಫೈಯನ್ನು ಕಾಯುವ ಡಬ್ಲ್ಯೂಪಿಎ2 ಎಂಬ ಪದ್ಧತಿಯಲ್ಲೇ ದೋಷವಿದೆ ಅಂತ ತೋರಿಸಿದರು. ಲೋಕವೆಲ್ಲ ನಂಬಿಕೊಂಡಿದ್ದ ಪದ್ಧತಿ ಅದು. ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿರಲಿಲ್ಲ. ಸಾಫ್ಟ್‌ವೇರ್ ಸರಿಪಡಿಸುವುದೊಂದೇ ದಾರಿ. ದಿನಾ ಅವರ ಕ್ಯಾಂಪಸ್ ದಾಟಿ ಹೋಗುವಾಗ ನಮ್ಮ ಮನೆಯ ಹಳೇ ರೂಟರ್ ನೆನಪಾಗುತ್ತದೆ. ಅದಕ್ಕೆ ಅಪ್‌ಡೇಟ್ ಬರುವುದು ನಿಂತಿದ್ದರೆ ಹೊಸದೇ ತಗೊಳ್ಳಿ, ದುಡ್ಡು ನಾನು ಕಳಿಸುತ್ತೇನೆ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ವಿಡಿಯೋ ಕಾಲ್ ಮಾಡುತ್ತೇನೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟಿರಿ. ರೂಟರ್ ತಳದ ಸ್ಟಿಕ್ಕರ್‌ನ ಫೋಟೋ ನನಗೊಬ್ಬಳಿಗೇ ಕಳಿಸಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಬೇಡ. ಸೆಟ್ಟಿಂಗ್ಸ್ ಪಾಸ್‌ವರ್ಡ್ ಕೇಬಲ್‌ನವರ ಹತ್ತಿರವೇ ಇದ್ದರೆ ಅವರನ್ನು ಮನೆಗೆ ಕರೆಸಿ, ನಿಮ್ಮ ಎದುರಿಗೇ ಬದಲಿಸಲು ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು