ವಿಂಡ್ಸರ್‌ನಲ್ಲಿ ಶ್ರೀರಂಗಪಟ್ಟಣದ ಹುಲಿ

ಆತ್ಮೀಯರೇ,

ಕಳೆದ ತಿಂಗಳು, ಇಲ್ಲಿ ಇಂಗ್ಲೆಂಡಿಗೆ ಹೊಸದಾಗಿ ಓದಲು ಬಂದಿರುವ ಹುಡುಗಿಯೊಬ್ಬಳ ಜೊತೆ ಲಂಡನ್ ಹತ್ತಿರದ ವಿಂಡ್ಸರ್‌ಗೆ, ರಾಜಮನೆತನದ ಕೋಟೆ ನೋಡಲು ಹೋಗಿದ್ದೆ. ಅವಳ ಊರು ಶ್ರೀರಂಗಪಟ್ಟಣ. ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿದೆವು. ಸ್ಲೌನಲ್ಲಿ ಇಳಿದು ಇನ್ನೊಂದು ಪುಟ್ಟ ರೈಲು ಹಿಡಿದರೆ ಕೋಟೆ ಎದುರಿಗೇ ಇರುತ್ತದೆ. ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇತ್ತು.

ಊರಿನಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ತೋರಿಸುವ ಜಾಗ ಇದು, ಅಲ್ವಾ? ರಾಣಿ ಎಲಿಜಬೆತ್ ಸಮಾಧಿ, ಗೊಂಬೆಮನೆ, 1992ರ ಬೆಂಕಿಯ ಕಥೆ ನಿಮಗೆ ಗೊತ್ತೇ ಇದೆ. ನಾನು ಹೇಳಬೇಕೆಂದಿರುವುದು ಒಂದೇ ಒಂದು ಕೋಣೆಯ ಬಗ್ಗೆ. ಹೆಸರು ಗ್ರ್ಯಾಂಡ್ ವೆಸ್ಟಿಬ್ಯೂಲ್. ಹೆಚ್ಚಿನವರು ಅದನ್ನು ಸುಮ್ನೆ ದಾಟಿ ಹೋಗುತ್ತಾರೆ. ನಾನೂ ಎರಡು ಸಲ ಹಾಗೇ ದಾಟಿದ್ದೆ.

ಈ ಸಲ ಹುಡುಗಿ ನಿಂತುಬಿಟ್ಟಳು. "ಆಂಟಿ, ಇದು ನಮ್ಮೂರಿಂದು."

ಗಾಜಿನ ಹಿಂದೆ ಚಿನ್ನದ ಹುಲಿಮುಖ. ಬಾಯಿ ತೆರೆದಿದೆ. ಕಣ್ಣು, ಹಲ್ಲು ಸ್ಫಟಿಕದವು. ಟಿಪ್ಪು ಸುಲ್ತಾನನ ಸಿಂಹಾಸನದ ಹುಲಿ ಅದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ, ಗೆದ್ದವರು ಲೂಟಿ ಹಂಚಿಕೊಳ್ಳಲು ಆ ಸಿಂಹಾಸನವನ್ನು ಒಡೆದು ಚೂರು ಮಾಡಿದರು. ಹುಲಿಮುಖ ದೊರೆ ನಾಲ್ಕನೇ ವಿಲಿಯಂನ ಕೈಸೇರಿದ್ದು 1831ರಲ್ಲಿ. ಸಿಂಹಾಸನದ ಛತ್ರಿಯ ಮೇಲಿದ್ದ ಹುಮಾ ಎಂಬ ಪುರಾಣದ ಹಕ್ಕಿಯ ಗೊಂಬೆಯೂ ಇಲ್ಲೇ ಇದೆ. ಮೈತುಂಬ ಕೆಂಪು, ಪಚ್ಚೆ, ಮುತ್ತು. (ಯುರೋಪಿಯನ್ ಸಿಪಾಯಿಯ ಮೇಲೆ ಬಿದ್ದು ಗುರ್ ಎನ್ನುವ ಮರದ ಹುಲಿ ಬೇರೆ. ಅದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.)

ಮಧ್ಯಾಹ್ನ ಥೇಮ್ಸ್ ಸೇತುವೆ ದಾಟಿ ಈಟನ್ ಕಡೆ ನಡೆದೆವು. ಅಲ್ಲಿನ ಹೆಸರಾಂತ ಈಟನ್ ಶಾಲೆಯನ್ನು ಹೊರಗಿನಿಂದಲೇ ನೋಡಿದೆವು. 1440ರಲ್ಲಿ ದೊರೆ ಆರನೇ ಹೆನ್ರಿ 70 ಬಡ ಹುಡುಗರು ಪುಕ್ಕಟೆ ಓದಲಿ ಎಂದು ಕಟ್ಟಿಸಿದ ಶಾಲೆ. ಈಗ ವರ್ಷದ ಫೀಸು 50 ಸಾವಿರ ಪೌಂಡಿಗೂ ಜಾಸ್ತಿ. ಆ 70 ವಿದ್ಯಾರ್ಥಿವೇತನದ ಸೀಟುಗಳು ಮಾತ್ರ ಇವತ್ತಿಗೂ ಉಳಿದಿವೆ. ಅದು ನನಗೆ ಇಷ್ಟವಾಯಿತು.

ಆದರೆ ಅಲ್ಲೂ ಶ್ರೀರಂಗಪಟ್ಟಣ ನಮ್ಮನ್ನು ಬಿಡಲಿಲ್ಲ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಸೈನ್ಯ ಕಳಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಈಟನ್ನಿನ ಹುಡುಗ. 1842ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದೂ ಆ ಶಾಲೆಯ ಚಾಪೆಲ್‌ನಲ್ಲೇ. ಅವನ ತಮ್ಮ ಆರ್ಥರ್ ಕೂಡ ಇಲ್ಲೇ ಓದಿದವನು. ಆಮೇಲೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು ಅವನೇ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೆ ಬಂತು. ಅವನು ಉಳಿದುಕೊಂಡಿದ್ದು ಟಿಪ್ಪುವಿನ ತೋಟದ ಅರಮನೆ ದರಿಯಾ ದೌಲತ್‌ನಲ್ಲಿ.

"ನಾವು ಶಾಲೆಯಿಂದ ಪಿಕ್ನಿಕ್‌ಗೆ ಹೋಗ್ತಿದ್ದ ತೋಟ!" ಎಂದಳು ಹುಡುಗಿ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಹುಲಿಯನ್ನು ವಾಪಸ್ ಕೊಡಬೇಕೇ ಎಂಬ ಚರ್ಚೆ ಒಂದು ಪುಟದಲ್ಲಿ ಮುಗಿಯುವಂಥದ್ದಲ್ಲ. ನನ್ನ ಮನಸ್ಸು ಕೊಡಬೇಕು ಎನ್ನುತ್ತದೆ. ಅಲ್ಲಿಯವರೆಗೆ ನಾವಾದರೂ ಹೋಗಿ ನೋಡೋಣ. ಮಕ್ಕಳನ್ನು ಆ ಗಾಜಿನ ಮುಂದೆ ನಿಲ್ಲಿಸಿ, ಇದು ಯಾರದು, ಎಲ್ಲಿಂದ ಬಂತು ಅಂತ ಕನ್ನಡದಲ್ಲೇ ಹೇಳೋಣ. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಕೋಟೆಗೆ ರಜೆ, ನೋಡಿಕೊಂಡು ಹೊರಡಿ.

ವಾಪಸ್ ಬರುವಾಗ ಸೇತುವೆಯ ಮೇಲೆ ನಿಂತು ಅವಳು ಅಜ್ಜಿಗೆ ಫೋನ್ ಮಾಡಿದಳು. ಹುಲಿಯ ಸುದ್ದಿ ಕೇಳಿ ಅಜ್ಜಿ ಮೊದಲು ಕೇಳಿದ್ದು, "ಹಲ್ಲು ಎಲ್ಲಾ ನೆಟ್ಟಗಿದಾವೇನವ್ವಾ?"

"ಇದಾವೆ ಅಜ್ಜಿ. ಹೊಳೀತಾವೆ."